ಫಲಕಕ್ಕೆ ಬಿದ್ದ ತೆರಿಗೆ

ಹೊಗಳಿಕೆಗೆ ತೆರಿಗೆ ಇಲ್ಲವೆಂದು ನಾನು ಬಹಳ ಕಾಲ ನಂಬಿದ್ದೆ. ನನ್ನನ್ನು ಯಾರೂ ಅಷ್ಟಾಗಿ ಹೊಗಳದ ಕಾರಣ ಆ ನಂಬಿಕೆಯನ್ನು ಪರೀಕ್ಷಿಸುವ ಪ್ರಸಂಗವೂ ಬಂದಿರಲಿಲ್ಲ. ಮಧುಗಿರಿಯ ಬೈಕ್ ಶೋರೂಮಿನಲ್ಲಿ ನಾವು ನಾಲ್ವರು ಮಾರಾಟದವರು. ಸಂಬಳ ಕೊಡುವವರು ಶೋರೂಮಿನ ಯಜಮಾನರು. ಅದರ ಮೇಲೆ, ವರ್ಷಕ್ಕೆ ಇಷ್ಟು ಬೈಕ್ ಮಾರಿದವನಿಗೆ ಬೈಕ್ ತಯಾರಿಸುವ ಕಂಪನಿಯೇ ನೇರವಾಗಿ ಇನ್ಸೆಂಟಿವ್ ಹಾಕುತ್ತದೆ. ಆ ‘ಇಷ್ಟು’ ಎಷ್ಟೆಂದು ನಿಗದಿ ಮಾಡಿದವರು ಕೊಡಿಗೇನಹಳ್ಳಿಯ ಗಿರಾಕಿಯನ್ನು ಕಂಡವರಲ್ಲ. ಆತ ಓಡಿಸಿ ನೋಡುತ್ತೇನೆಂದು ಬೈಕ್ ಒಯ್ದು, ಗೊರವನಹಳ್ಳಿಯ ಲಕ್ಷ್ಮಿ ಗುಡಿಗೆ ಹೋಗಿ ಕೈಮುಗಿದು ಬಂದು, ‘ಚೆನ್ನಾಗೈತೆ, ಯುಗಾದಿ ಕಳೀಲಿ ತಡೀರಿ’ ಎಂದು ಹೊರಟುಹೋಗುತ್ತಾನೆ. ಒಬ್ಬೊಬ್ಬರಾಗಿ ಗುರಿ ಮುಟ್ಟುವುದು ಆಗದ ಮಾತು. ಹಾಗಾಗಿ ಚೀಟಿ ಎತ್ತುವವರಂತೆ ಸರದಿ ಮಾಡಿಕೊಂಡೆವು: ವರ್ಷಕ್ಕೊಬ್ಬನ ಹೆಸರಿಗೆ ಎಲ್ಲರ ಮಾರಾಟವನ್ನೂ ಬರೆಸುವುದು, ಬಂದದ್ದನ್ನು ಶಿರಾದಲ್ಲಿ ಬಿರಿಯಾನಿ ತಿಂದು ಹಂಚಿಕೊಳ್ಳುವುದು. ಹಿರಿಯನೆಂದು ಮೊದಲ ಸರದಿ ನನಗೆ ಬಂತು.

ಹಣ ನಾಲ್ಕು ಪಾಲಾಯಿತು. ಪಾಲಾಗದೆ ಉಳಿದದ್ದು ‘ವರ್ಷದ ಉತ್ತಮ ಮಾರಾಟಗಾರ’ ಎಂದು ನನ್ನ ಹೆಸರು ಕೆತ್ತಿ ಕಂಪನಿ ಕೊಟ್ಟ ಫಲಕ. ಪಾವಗಡದ ನನ್ನ ಮಾವ ಬಂದಾಗ ಅದನ್ನು ಕಂಡರು. ಮದುವೆಯಾದಾಗಿನಿಂದ ನನ್ನನ್ನು ‘ಅಂಗಡೀಲಿ ನಿಂತ್ಕೊಳ್ಳೋನು’ ಎಂದೇ ನೆಂಟರಿಗೆ ಪರಿಚಯಿಸುತ್ತಿದ್ದವರು, ಈಗ ಫಲಕದ ಫೋಟೊ ಹಿಡಿದು ಊರಿಗೆಲ್ಲ ತೋರಿಸಿದರು. ‘ಮಾ ಅಲ್ಲುಡು, ನಮ್ಮಳಿಯ ಕಣ್ರೀ. ಕಂಪನಿಯೋರೇ ಕರ್ದು ಕೊಟ್ಟವ್ರೆ.’ ನನಗೆ ಬಹಳ ಸಂತೋಷವಾಯಿತು. ಹೊಗಳಿಕೆ ಮುಕ್ಕಾಲು ಪಾಲು ಬೇರೆಯವರದಾದರೂ ಸಂತೋಷ ಪೂರ್ತಿ ನನ್ನದೇ ಆಗಿತ್ತು.

ರಿಟರ್ನ್ ಸಲ್ಲಿಸುವ ಕಾಲ ಬಂದಾಗ ಆಡಿಟರ್ ರಂಗನಾಥಯ್ಯನವರಿಗೆ ಎಂದಿನಂತೆ ಸಂಬಳವನ್ನಷ್ಟೇ ಹೇಳಿದೆ. ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಇನ್ಸೆಂಟಿವ್ ಅಷ್ಟನ್ನೂ ಕಂಪನಿ ನನ್ನ ಪ್ಯಾನ್ ನಂಬರಿಗೆ ಆಗಲೇ ತೋರಿಸಿಬಿಟ್ಟಿತ್ತು. ಅದು ಸಂಬಳಕ್ಕೆ ಸೇರಿ, ಇಷ್ಟು ವರ್ಷ ತೆರಿಗೆಯ ಗೆರೆಯ ಈಚೆ ಹಾಯಾಗಿದ್ದ ನಾನು ಆಚೆ ಹೋಗಿ ಬಿದ್ದಿದ್ದೆ.

‘ಇದ್ರಲ್ಲಿ ನಂದು ಕಾಲು ಪಾಲು ಸಾರ್’ ಎಂದೆ.

‘ಇರ್ಬೌದು. ಕಂಪನಿ ಕೊಟ್ಟಿರಾದು ನಿಮ್ಗೊಬ್ರಿಗೇ. ನೀವು ಬಿರಿಯಾನಿ ತಿಂದು ಹಂಚ್ಕೊಂಡಿದ್ನ ಬರೆಯಾಕೆ ಇಲ್ಲಿ ಜಾಗ ಇಲ್ಲ’ ಎಂದರು.

ಮಾರನೆಯ ದಿನ ಮೂವರನ್ನೂ ಕೂರಿಸಿಕೊಂಡು, ತೆರಿಗೆಯನ್ನೂ ನಾಲ್ಕು ಪಾಲು ಮಾಡೋಣ ಎಂದೆ. ಶಿರಾದ ಅನ್ವರ್ ಒಳ್ಳೆಯ ಮನುಷ್ಯ, ತಕ್ಷಣ ಒಪ್ಪಿದ. ‘ಕೊಟ್ಬುಡಾನ ಕಣಣ್ಣ, ಇನ್ಸಾಫ್ ಅಂದ್ರೆ ಇನ್ಸಾಫು, ನ್ಯಾಯ ನ್ಯಾಯಾನೇ. ಅಂಗೇ ಆ ಫಲಕನೂ ನಾಕು ಮನೇಲಿ ಮೂರ್ಮೂರು ತಿಂಗ್ಳು ಇರ್ಲಿ. ನಮ್ ಮಾವನೂ ಒಸಿ ನೋಡ್ಲಿ.’ ಉಳಿದಿಬ್ಬರು ತಲೆಯಾಡಿಸಿದರು. ಅದರಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಆದರೆ ನಮ್ಮ ಮನೆಯ ಗೋಡೆಯ ಬರಿ ಮೊಳೆಯೂ ಅದರ ಮುಂದೆ ನಿಂತ ಮಾವನ ಮುಖವೂ ಕಣ್ಣಿಗೆ ಕಟ್ಟಿದವು. ‘ಬೇಡ ಬುಡಪ್ಪ, ನಾನೇ ಕಟ್ಕೋತೀನಿ’ ಎಂದೆ. ಎಂಥ ದೊಡ್ಡ ಮನಸ್ಸು ಎಂದು ಮೂವರೂ ಹೊಗಳಿದರು.

ಸುದ್ದಿ ನನ್ನ ಹೆಂಡತಿಯಿಂದ ಪಾವಗಡ ಮುಟ್ಟಿತು. ಅಳಿಯ ಸರ್ಕಾರಕ್ಕೆ ತೆರಿಗೆ ಕಟ್ಟುವಷ್ಟು ಬೆಳೆದನಲ್ಲ ಎಂದು ಮಾವ ಹಿಗ್ಗಿ, ಮುಂದಿನ ಬಸ್ಸಿಗೇ ಬಂದು, ತೆರಿಗೆ ಕಟ್ಟಿದ ಚಲನ್ನಿಗೆ ಕಟ್ಟು ಹಾಕಿಸಿ ಫಲಕದ ಪಕ್ಕದಲ್ಲೇ ತೂಗುಹಾಕಿದರು. ಮನೆಗೆ ಬಂದವರೆಲ್ಲ ಫಲಕವನ್ನೇ ನೋಡುತ್ತಾರೆ. ಆ ಎರಡರಲ್ಲಿ ನನ್ನೊಬ್ಬನದೇ ಎಂದು ಹೇಳಿಕೊಳ್ಳಬಹುದಾದದ್ದು ಚಲನ್ ಮಾತ್ರ.