ಹಿಂದಿನ ಕೋಣೆಯ ಬಾಡಿಗೆದಾರ

ತಾವು ವಾಸವಾಗಿರುವ ಮನೆಯಲ್ಲೇ ತಾವು ವಾಸವಾಗಿದ್ದೇವೆಂದು ರುಜುವಾತುಪಡಿಸಬೇಕಾದ ಪ್ರಸಂಗ ಕನ್ನಡಕದವರಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಒದಗಿ ಬಂತು. ಅಲ್ಲಿಯತನಕ ಅವರಿಗೆ ಈ ವಿಷಯದಲ್ಲಿ ಅನುಮಾನವೇ ಇರಲಿಲ್ಲ. ಇಪ್ಪತ್ತಾರು ವರ್ಷಗಳಿಂದ ಬೆಳಿಗ್ಗೆ ಆ ಮನೆಯಿಂದ ಹೊರಟು ಸಂಜೆ ಅದೇ ಮನೆಗೆ ಬರುತ್ತಿದ್ದರು. ಬಾಗಿಲು ತೆರೆದವರು ಯಾರು ಬೇಕಾಗಿತ್ತು ಎಂದು ಒಮ್ಮೆಯೂ ಕೇಳಿರಲಿಲ್ಲ. (ಒಮ್ಮೆ ಕೇಳಿದ್ದುಂಟು. ಅವತ್ತು ಮೀಸೆ ಬೋಳಿಸಿಕೊಂಡಿದ್ದರು.)

ಇಷ್ಟಕ್ಕೆಲ್ಲ ಕಾರಣ ಒಂದು ಮೋಟಾರ್ ಸೈಕಲ್ಲು. ಅದು ಅವರ ಗೆಳೆಯನದು. ಗೆಳೆಯ ಇದ್ದದ್ದು ಪಕ್ಕದ ರಾಜ್ಯದಲ್ಲಿ. ನಾಲ್ಕು ತಿಂಗಳ ಹಿಂದೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ. ಸುದ್ದಿ ಬಂದಾಗ ಕನ್ನಡಕದವರು ತಮ್ಮ ಕನ್ನಡಕದ ಅಂಗಡಿಯಲ್ಲಿ ಒಬ್ಬರ ಕಣ್ಣಿಗೆ ಗಾಜು ಬದಲಿಸಿ ಬದಲಿಸಿ ಇಡುತ್ತ, ಇದರಲ್ಲಿ ಚೆನ್ನಾಗಿ ಕಾಣುತ್ತೋ ಅದರಲ್ಲೋ ಎಂದು ಕೇಳುತ್ತಿದ್ದರು. ಫೋನು ಇಟ್ಟ ಮೇಲೆ ಮತ್ತೆ ಅದೇ ಪ್ರಶ್ನೆ ಕೇಳಿ, ಪರೀಕ್ಷೆ ಮುಗಿಸಿ, ಚೀಟಿ ಬರೆದುಕೊಟ್ಟು, ಆಮೇಲೆ ಅಂಗಡಿ ಮುಚ್ಚಿದರು.

ಎರಡು ತಿಂಗಳ ನಂತರ ಗೆಳೆಯನ ಹೆಂಡತಿ ಗಾಡಿಯನ್ನು ಲಾರಿಯಲ್ಲಿ ಕಳಿಸಿಕೊಟ್ಟರು. ಜೊತೆಗೆ, ಗಾಡಿ ಬೇರೆ ರಾಜ್ಯಕ್ಕೆ ಹೋಗಲು ಅಭ್ಯಂತರವಿಲ್ಲವೆಂದು ಅಲ್ಲಿನ ಸಾರಿಗೆ ಕಚೇರಿ ಕೊಟ್ಟ ಪತ್ರವಿತ್ತು, ಅವರದೇ ಕೈಬರಹದ ಮೂರು ಸಾಲೂ ಇದ್ದವು. ಇದು ನಿಮಗೇ ಸೇರಬೇಕು ಎಂದು ನಮ್ಮವರು ಹೇಳುತ್ತಿದ್ದರು. ಮೈದುನ ಆಗಲೇ ಗುಜರಿಯವನನ್ನು ಕರೆತಂದು ತೋರಿಸಿದ್ದಾನೆ. ಬೇಗ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹೊರ ರಾಜ್ಯದ ನಂಬರಿನ ಗಾಡಿ ಇಲ್ಲಿ ಇಷ್ಟು ದಿನ ಇರಬಹುದೆಂದು ಗಡುವಿದೆ. ಅಷ್ಟರೊಳಗೆ ಈ ರಾಜ್ಯದ ನಿವಾಸಿಯೊಬ್ಬರ ಹೆಸರಿಗೆ ನೋಂದಣಿ ಆಗದಿದ್ದರೆ ಅದು ಬಂದ ದಾರಿಯಲ್ಲೇ ವಾಪಸು ಹೋಗಬೇಕು. ಅಲ್ಲಿ ಮೈದುನ ಕಾಯುತ್ತಿದ್ದ, ಮೈದುನನ ಹಿಂದೆ ತಕ್ಕಡಿ ಹಿಡಿದು ಗುಜರಿಯವನು.

ಗಾಡಿಯನ್ನು ಇಳಿಸಿ ನಿಲ್ಲಿಸಿದ್ದು ಮನೆಯ ಮುಂದಿನ ಅಂಗಳದಲ್ಲಿ, ಅತ್ತೆ ದಿನಾ ಕುರ್ಚಿ ಹಾಕಿಕೊಂಡು ಬೆಳಗಿನ ಬಿಸಿಲಿಗೆ ಕೂರುವ ಜಾಗದಲ್ಲಿ. ಬೇರೆ ಜಾಗ ಇರಲಿಲ್ಲ. ಅತ್ತೆಯವರು ಕುರ್ಚಿಯನ್ನು ಎರಡಡಿ ಎಳೆದುಕೊಂಡು ನೆರಳಿಗೆ ಹೋದರು. ಹೋದವರು ಸುಮ್ಮನೆ ಹೋಗಲಿಲ್ಲ. ಗಾಡಿಯ ಕಡೆಗೆ ನೋಡದೆಯೇ, ಇದು ಎಷ್ಟು ದಿನ ಇರುತ್ತಂತೆ ಎಂದು ಮಗಳನ್ನು ಕೇಳಿದರು. ಹೇಳದೆ ಕೇಳದೆ ಬಂದ ನೆಂಟರ ಬಗ್ಗೆಯೂ ಅವರು ಕೇಳುವುದು ಹೀಗೆಯೇ. ಅದರ ಮೇಲೆ ಕನ್ನಡಕದವರು, ನಿಂತೇ ಇದ್ದರೆ ಎಂಜಿನ್ನು ಕೆಡುತ್ತದೆಂದು ದಿನಾ ಬೆಳಿಗ್ಗೆ ಹತ್ತು ನಿಮಿಷ ಅದನ್ನು ಶುರು ಮಾಡಿಡುತ್ತಿದ್ದರು. ಆ ಹತ್ತು ನಿಮಿಷ ಅತ್ತೆಯ ರೇಡಿಯೊ ಬಾಯಿ ಮಾತ್ರ ಆಡಿಸುತ್ತಿತ್ತು.

ಸಾರಿಗೆ ಕಚೇರಿಯ ಮೂರನೆಯ ಕಿಟಕಿಯಲ್ಲಿ ಒಬ್ಬ ಗುಮಾಸ್ತ ಇದ್ದ. ಒಳ್ಳೆಯವನೇ. ಕಾಗದಗಳನ್ನು ಒಂದೊಂದಾಗಿ ನೋಡಿ, ಗಾಡಿಯ ಕಡೆಯಿಂದ ಎಲ್ಲ ಸರಿಯಾಗಿದೆ, ತಕರಾರಿರುವುದು ನಿಮ್ಮ ಕಡೆಯಿಂದ ಎಂದ. ಕನ್ನಡಕದವರು ಈ ಊರಿನವರು ಎನ್ನುವುದಕ್ಕೆ ಪುರಾವೆ ಬೇಕಿತ್ತು. ಅವರು ತಂದ ಚೀಲದಲ್ಲಿ ಪುರಾವೆಗೇನೂ ಬರವಿರಲಿಲ್ಲ. ಆದರೆ ಮನೆಯ ಪತ್ರ ಹೆಂಡತಿಯ ಹೆಸರಿನಲ್ಲಿತ್ತು. ಗ್ಯಾಸು, ನೀರು ಹೆಂಡತಿಯ ಹೆಸರಿನಲ್ಲಿ. ಕರೆಂಟು ಬಿಲ್ಲು ಮಾವನವರ ಹೆಸರಿನಲ್ಲಿ. (ಮಾವನವರು ತೀರಿಕೊಂಡು ಹನ್ನೊಂದು ವರ್ಷವಾದರೂ ವಿದ್ಯುತ್ ಇಲಾಖೆಯ ಪಾಲಿಗೆ ಅವರು ಇನ್ನೂ ಫ್ಯಾನು ಹಾಕಿಕೊಂಡು ಮಲಗುತ್ತಿದ್ದರು.) ಬ್ಯಾಂಕಿನ ಪುಸ್ತಕದಲ್ಲಿ ಅಂಗಡಿಯ ವಿಳಾಸ, ಅಂಗಡಿಯಲ್ಲಿ ಯಾರೂ ವಾಸ ಮಾಡುವಂತಿಲ್ಲ. ಉಳಿದದ್ದು ಡ್ರೈವಿಂಗ್ ಲೈಸೆನ್ಸು ಮತ್ತು ಗುರುತಿನ ಚೀಟಿ. ಅವೆರಡರಲ್ಲೂ ಪಕ್ಕದ ರಾಜ್ಯದ ಒಂದು ವಿಳಾಸ ಇತ್ತು. ಮದುವೆಗೆ ಮುಂಚೆ ಅವರೂ ಗೆಳೆಯನೂ ಸೇರಿ ಇದ್ದ ಒಂಟಿ ಕೋಣೆಯ ವಿಳಾಸ. ಬದಲಿಸಬೇಕು ಎಂದುಕೊಳ್ಳುತ್ತಲೇ ಇಪ್ಪತ್ತಾರು ವರ್ಷ ಕಳೆದಿತ್ತು.

ಈ ಕಾಗದಗಳ ಪ್ರಕಾರ ನೀವು ಇನ್ನೂ ಅಲ್ಲೇ ಇದ್ದೀರಿ, ಗಾಡಿಯನ್ನು ಅಲ್ಲೇ ನೋಂದಾಯಿಸಿದರೆ ಸಲೀಸು ಎಂದ ಗುಮಾಸ್ತ. ಅಲ್ಲಿ ಈಗ ಯಾರೂ ಇಲ್ಲ ಎಂದರು ಕನ್ನಡಕದವರು. ಆಮೇಲೆ ಚೀಲದ ತಳದಿಂದ ಮದುವೆಯ ನೋಂದಣಿ ಪತ್ರ ತೆಗೆದು ಕಿಟಕಿಯೊಳಗೆ ತಳ್ಳಿದರು. ಇದು ಬ್ರಹ್ಮಾಸ್ತ್ರ ಎಂದು ಅವರ ಎಣಿಕೆ.

ಗುಮಾಸ್ತ ಅದನ್ನು ಎರಡೂ ಕಡೆ ತಿರುಗಿಸಿ ನೋಡಿದ.

“ಮದುವೆ ಆಗಿದೆ ಅಂತ ಇದೆ ಸಾರ್. ಜೊತೇಲಿದ್ದೀರಿ ಅಂತ ಎಲ್ಲಿದೆ?”

ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಕೊನೆಗೆ ಆ ಗುಮಾಸ್ತನೇ ಒಂದು ದಾರಿ ತೋರಿಸಿದ. ಬಾಡಿಗೆ ಕರಾರು ಪತ್ರ ಇದ್ದರೆ ನಡೆಯುತ್ತದೆ. ಬಾಡಿಗೆಗಿರುವವರಿಗೆ ಇಷ್ಟು ತೊಂದರೆ ಇಲ್ಲ ಎಂದು ಸಮಾಧಾನವನ್ನೂ ಹೇಳಿದ.

ಕನ್ನಡಕದವರ ಹೆಂಡತಿ ಶಾಲೆಯೊಂದರ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವರು. ಕೊಟ್ಟ ಪುಸ್ತಕ ಮಡಚಿದ ಮೂಲೆಯಿಲ್ಲದೆ ವಾಪಸು ಬರಬೇಕೆಂದು ಮೂವತ್ತು ವರ್ಷ ಹೋರಾಡಿದ ಧೀರ ಮಹಿಳೆ. ಗಂಡ ಸಂಕೋಚಪಡುತ್ತ ವಿಷಯ ಹೇಳಿದಾಗ ಅವರು ನಗಲೂ ಇಲ್ಲ, ಬೇಸರವನ್ನೂ ಪಡಲಿಲ್ಲ. ಕನ್ನಡಕ ಹಾಕಿಕೊಂಡು, ಕಾಗದ ಪೆನ್ನು ತೆಗೆದುಕೊಂಡು, ಇಂಥ ಸಂದರ್ಭಕ್ಕೇ ಕಾದಿದ್ದವರಂತೆ ಊಟದ ಮೇಜಿನ ಮುಂದೆ ಕೂತರು.

ಬಾಡಿಗೆದಾರನು ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಹಾಕತಕ್ಕದ್ದಲ್ಲ. ಬೀರುವಿನ ಬಾಗಿಲು ತೆರೆದು ಸ್ವತಃ ನೋಡದ ಹೊರತು ‘ಎಲ್ಲಿಟ್ಟಿದ್ದೀಯ’ ಎಂದು ಕೂಗತಕ್ಕದ್ದಲ್ಲ. ಖಾಲಿಯಾದ ಡಬ್ಬಿಯನ್ನು ಮುಚ್ಚಳ ಹಾಕಿ ಮೊದಲಿನ ಜಾಗದಲ್ಲೇ ಇಟ್ಟು ಮನೆ ಮಾಲೀಕರನ್ನು ವಂಚಿಸತಕ್ಕದ್ದಲ್ಲ. ಬಾಡಿಗೆ ಎಷ್ಟೆಂಬ ಜಾಗದಲ್ಲಿ, ಪ್ರತಿದಿನ ಬೆಳಗಿನ ಕಾಫಿಯನ್ನು ಬಾಡಿಗೆದಾರನೇ ಮಾಡಿಕೊಡುವುದು ಎಂದು ಬರೆದರು.

“ಇಷ್ಟೆಲ್ಲ ಬೇಕಾ? ಅವರಿಗೆ ಬೇಕಾಗಿರೋದು ವಿಳಾಸ ಅಷ್ಟೆ.”

“ಅವರಿಗೆ ವಿಳಾಸ ಬೇಕು ರೀ. ನಂಗೆ ಇದು ಬೇಕು.”

ಕಚೇರಿಯ ಎದುರಿನ ಮರದ ಕೆಳಗೆ ಕೂರುವ ಟೈಪಿಸ್ಟು ಎಲ್ಲವನ್ನೂ ಗಂಭೀರವಾಗಿಯೇ ಟೈಪು ಮಾಡಿ, ಮನೆಯ ಯಾವ ಭಾಗ ಬಾಡಿಗೆಗೆ ಎಂದು ಕೇಳಿದ. ಹಿಂದಿನ ಕೋಣೆ ಎಂದರು ಹೆಂಡತಿ. ಅದು ಇಬ್ಬರೂ ಮಲಗುವ ಕೋಣೆ. ಪಕ್ಷಕಾರರಿಬ್ಬರಿಗೂ ಏನು ಸಂಬಂಧ ಎಂದು ಅವನು ಕೇಳಿದ್ದಕ್ಕೆ, ಸದ್ಯಕ್ಕೆ ನಾನು ಮಾಲೀಕಳು ಎಂದರು. ಕನ್ನಡಕದವರು ಬಾಡಿಗೆದಾರ ಎಂಬುದರ ಕೆಳಗೆ ಸಹಿ ಹಾಕಿದರು. ದಾರಿಯಲ್ಲಿ ಗಂಡಹೆಂಡಿರು ಒಂದೇ ಒಂದು ವಿಷಯಕ್ಕೆ ಒಮ್ಮತಕ್ಕೆ ಬಂದರು: ಅಮ್ಮನಿಗೆ ಇದು ತಿಳಿಯಬಾರದು. ಅಳಿಯನನ್ನು ಬಾಡಿಗೆಗೆ ಇಟ್ಟುಕೊಂಡಿದ್ದಾರೆಂದು ಗೊತ್ತಾದರೆ ಅತ್ತೆ ಯಾರ ಮೇಲೆ ಸಿಟ್ಟಾಗುತ್ತಾರೆಂದು ಹೇಳಲು ಬರುತ್ತಿರಲಿಲ್ಲ.

ಅಲ್ಲಿಂದ ಮುಂದೆ ಕೆಲಸ ಸರಾಗವಾಗಿ ಸಾಗಿತು. ಇನ್ಸ್‌ಪೆಕ್ಟರು ಗಾಡಿಯ ಮೈಮೇಲೆ ಕೊರೆದ ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯಬೇಕಿತ್ತು. ಗೆಳೆಯ ವರ್ಷಕ್ಕೊಂದು ಬಣ್ಣ ಬಳಿಯುತ್ತಿದ್ದವನಾದ್ದರಿಂದ ನಂಬರು ಎಲ್ಲೋ ಆಳದಲ್ಲಿತ್ತು. ಕನ್ನಡಕದವರು ಗಾಜು ಕೂರಿಸುವ ಸಣ್ಣ ಉಳಿಯಿಂದ ಬಣ್ಣ ಕೆರೆದರು. ಕಪ್ಪಿನ ಕೆಳಗೆ ಹಸಿರು, ಹಸಿರಿನ ಕೆಳಗೆ ಕೆಂಪು, ಕೆಂಪಿನ ಕೆಳಗೆ ಒಂದು ಅಸಹ್ಯವಾದ ಹಳದಿ. ಆ ಹಳದಿಯ ವರ್ಷ ಈ ಬಣ್ಣ ಬೇಡವೋ ಎಂದು ಹೇಳಿದ್ದವರು ಇವರೇ. ಕೆರೆಯುತ್ತ ಅಲ್ಲಿಗೆ ಬಂದಾಗ ಸ್ವಲ್ಪ ಹೊತ್ತು ಕೈ ನಿಲ್ಲಿಸಿದರು. ಇನ್ಸ್‌ಪೆಕ್ಟರೂ ಪೆನ್ಸಿಲು ಹಿಡಿದು ಕಾದರು.

ಹೊಸ ನಂಬರು ಬಂತು. ಹಳೆಯ ನಂಬರಿನ ಫಲಕ ತೆಗೆಯಬೇಕಾಗುತ್ತದೆ ಎಂಬುದು ಕನ್ನಡಕದವರಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಬಿಚ್ಚಿದ ಫಲಕವನ್ನು ಮನೆಯಲ್ಲಿಟ್ಟರೆ ಅದಕ್ಕೂ ಕರಾರಿನಲ್ಲಿ ಷರತ್ತು ಹುಟ್ಟಬಹುದೆಂದು ಅಂಗಡಿಗೆ ಒಯ್ದು, ಕಣ್ಣು ಪರೀಕ್ಷೆಯ ಅಕ್ಷರಪಟದ ಕೆಳಗೆ ಮೊಳೆ ಹೊಡೆದರು. ಈಗ ಅಂಗಡಿಗೆ ಬಂದವರು ಅಕ್ಷರಗಳನ್ನೆಲ್ಲ ಓದಿ ಕೊನೆಗೆ ಗೆಳೆಯನ ನಂಬರನ್ನೂ ಗಟ್ಟಿಯಾಗಿ ಓದಬೇಕು. ದಿನಕ್ಕೆ ಹತ್ತು ಹನ್ನೆರಡು ಸಲ ಯಾರಾದರೊಬ್ಬರು ಓದುತ್ತಾರೆ. ತಪ್ಪು ಓದಿದವರಿಗೆ ಕನ್ನಡಕ ಖಂಡಿತ.

ಇನ್ನು ಬರಬೇಕಾದದ್ದು ನೋಂದಣಿಯ ಕಾರ್ಡು ಒಂದೇ. ಅದು ಕೈಗೆ ಬರುವವರೆಗೆ ಗಾಡಿಯನ್ನು ಗೇಟಿನಾಚೆ ಇಡುವಂತಿಲ್ಲ. ಕಾರ್ಡನ್ನು ಅಂಚೆಯಲ್ಲೇ ಕಳಿಸುತ್ತಾರೆ. ವಿಳಾಸ ನಿಜವೋ ಸುಳ್ಳೋ ಅದರಲ್ಲೇ ತಿಳಿಯಲಿ ಎಂದು. ಕನ್ನಡಕದವರು ಹತ್ತು ದಿನ ಕಾದರು. ಹನ್ನೊಂದನೆಯ ದಿನ ಕಚೇರಿಯಿಂದ ಫೋನು ಬಂತು. ಕಾರ್ಡು ವಾಪಸು ಬಂದಿದೆ. ಲಕೋಟೆಯ ಮೇಲೆ ಅಂಚೆಯವರು ಷರಾ ಬರೆದಿದ್ದಾರೆ: ‘ಇಂಥ ಬಾಡಿಗೆದಾರರು ಇಲ್ಲಿಲ್ಲ ಎಂದು ಮನೆಯ ಹಿರಿಯರ ಹೇಳಿಕೆ.’ ಒಂದು ವಾರದೊಳಗೆ ಸರಿಪಡಿಸದಿದ್ದರೆ ನೋಂದಣಿ ರದ್ದು.

ಮನೆಯಲ್ಲಿ ಹಿರಿಯರು ಎಂದರೆ ಒಬ್ಬರೇ. ಅವರು ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಹೌದು, ಹೊಸ ಅಂಚೆಯವನೊಬ್ಬ ಬಂದಿದ್ದ, ಹಿಂದಿನ ಕೋಣೆಯ ಬಾಡಿಗೆದಾರರು ಇದ್ದಾರಾ ಅಂತ ಕೇಳಿದ, ಬಾಡಿಗೆಗೆ ಕೊಡೋ ಗತಿ ನಮಗೆ ಇನ್ನೂ ಬಂದಿಲ್ಲ ಅಂತ ಹೇಳಿ ಕಳಿಸಿದೆ ಎಂದರು. ಲಕೋಟೆಯ ಮೇಲೆ ನನ್ನ ಹೆಸರಿತ್ತಲ್ಲ ಅತ್ತೆ ಎಂದು ಕನ್ನಡಕದವರು ಅಳುದನಿಯಲ್ಲಿ ಕೇಳಿದರು.

“ಹೆಸರು ಓದಿದ. ಎಲ್ಲೋ ಕೇಳಿದ ಹಾಗಿದೆ ಅನ್ನಿಸ್ತು. ಅಳಿಯಂದಿರು ಅಂತ ಬರೆದಿದ್ರೆ ಒಳಗೇ ಕರೀತಿದ್ದೆ.”

ಈಗ ಕರಾರಿನ ವಿಷಯ ಹೇಳದೆ ವಿಧಿಯಿರಲಿಲ್ಲ. ಅತ್ತೆಯವರು ಅದನ್ನು ತರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ಕಾಫಿಯ ಷರತ್ತಿಗೆ ಬಂದಾಗ ಮಗಳ ಕಡೆ ನೋಡಿದ ನೋಟದಲ್ಲಿ ಸಿಟ್ಟಿತ್ತೋ ಮೆಚ್ಚುಗೆಯಿತ್ತೋ ತಿಳಿಯಲಿಲ್ಲ. ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಹಾಗೆ ಹೇಳಿದವರೇ ಬಂದು ಕಿಟಕಿಯಲ್ಲಿ ಹೇಳಿಕೆ ಕೊಡಬೇಕು, ಬೇರೆ ದಾರಿಯಿಲ್ಲ ಎಂದು ಗುಮಾಸ್ತ ತಿಳಿಸಿದ್ದ. ಕನ್ನಡಕದವರು ಅತ್ತೆಯ ಸುತ್ತ ಸುಳಿದಾಡುತ್ತ, ಕೇಳಲಾರದೆ, ಅವರ ಕನ್ನಡಕವನ್ನು ದಿನಕ್ಕೆ ನಾಲ್ಕು ಸಲ ಒರೆಸಿಕೊಟ್ಟರು. ಗಾಡಿ ಹೋಗಿಬಿಟ್ಟರೆ ಅತ್ತೆಗೆ ಬಿಸಿಲು ಸಿಗುತ್ತದೆ. ಅವರಿಗೆ ಕಚೇರಿಗೆ ಬರಬೇಕೆಂಬ ದರ್ದೇನು?

ಮೂರನೆಯ ದಿನ ಬೆಳಿಗ್ಗೆ ಅತ್ತೆ ಒಳ್ಳೆಯ ಸೀರೆ ಉಟ್ಟು ಹೊರಬಂದು, ಆಟೋ ಕರೆಸಿ ಎಂದರು.

ಮೂರನೆಯ ಕಿಟಕಿಯಲ್ಲಿ ಅವರಿಗೆ ಕುರ್ಚಿ ಹಾಕಿಸಿದ ಗುಮಾಸ್ತ ನಮೂನೆಯೊಂದನ್ನು ಮುಂದಿಟ್ಟುಕೊಂಡ. ಹೆಂಡತಿ ಗೋಡೆಗೆ ಒರಗಿ ನಿಂತರು. ಕನ್ನಡಕದವರು ಕೈಕಟ್ಟಿಕೊಂಡು ನಿಂತರು.

“ಇವರು ನಿಮ್ಮ ಮನೇಲಿ ವಾಸ ಇರೋದು ನಿಜಾನಾಮ್ಮ?”

“ಇದ್ದಾರೆ.”

“ಹಾಗಂತ ನೀವು ಹೇಗೆ ಹೇಳ್ತೀರಿ? ಅವತ್ತು ಇಲ್ಲ ಅಂದಿದ್ರಲ್ಲ.”

ಅತ್ತೆ ಕುರ್ಚಿಯನ್ನು ಕಿಟಕಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. ಕನ್ನಡಕದವರು ನೆಲ ನೋಡಿದರು.

“ಅವರ ಸ್ನೇಹಿತರ ಗಾಡಿ ಅದು. ದಿನಾ ಬೆಳಿಗ್ಗೆ ಶುರು ಮಾಡ್ತಾರೆ. ಎಂಜಿನ್ನು ಕೆಡಬಾರದು ಅಂತ ನಮಗೆ ಹೇಳೋದು. ಶುರು ಮಾಡಿ ಮುಂದೆ ಕೂರಲ್ಲ. ಹಿಂದಿನ ಸೀಟಲ್ಲಿ ಕೂತ್ಕೋತಾರೆ, ಸ್ನೇಹಿತರು ಓಡಿಸ್ತಿದ್ದಾಗ ಕೂರ್ತಿದ್ದ ಹಾಗೆ. ಹತ್ತು ನಿಮಿಷ ಹಾಗೇ ಕೂತಿದ್ದು, ಇಳಿದು, ಆಫ್ ಮಾಡಿ, ಅಂಗಡಿಗೆ ನಡ್ಕೊಂಡು ಹೋಗ್ತಾರೆ. ನಾನು ಪಕ್ಕದಲ್ಲೇ ಇರ್ತೀನಿ, ನೋಡ್ತೀನಿ. ಇಂಥವರು ನಮ್ಮನೆ ಬಿಟ್ಟು ಇನ್ನೆಲ್ಲಿ ಇರೋಕಾಗುತ್ತಪ್ಪ? ಇದ್ದಾರೆ ಅಂತ ಬರ್ಕೊ.”

ಗುಮಾಸ್ತ ಬರೆದುಕೊಂಡ. ಕಿಟಕಿಯ ಮುಂದಿನ ಸಾಲು ಈ ಸಲ ನಗಲಿಲ್ಲ. ಹೆಂಡತಿ ಸೆರಗಿನಲ್ಲಿ ಏನನ್ನೋ ಹುಡುಕಿದರು. ಕನ್ನಡಕದವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಯಾವ ಗಾಜಿನಲ್ಲೂ ಸರಿಯಾಗಿ ಕಾಣದಂಥ ಹೊತ್ತು ಅದು. ಇಪ್ಪತ್ತಾರು ವರ್ಷಗಳಲ್ಲಿ ಅತ್ತೆ ಅವರ ಬಗ್ಗೆ ಒಮ್ಮೆಗೇ ಇಷ್ಟು ಮಾತಾಡಿದ್ದು ಇದೇ ಮೊದಲು. ಮುಂದೆ ಏನು ಕೇಳಿದರೂ ಒಳ್ಳೆಯದೇ ಹೇಳುತ್ತಾರೆಂಬ ಧೈರ್ಯ ಅವರಿಗೆ ಬಂತು. ಗುಮಾಸ್ತ ನಮೂನೆಯ ಕೊನೆಯ ಸಾಲಿನ ಮೇಲೆ ಪೆನ್ನು ಇಟ್ಟ.

“ಇನ್ನೂ ಎಷ್ಟು ಕಾಲ ಇರ್ತಾರೆ ಅಂತ ಬರೆಯೋದಮ್ಮ? ಕಾಯಂ ಅಂತ ಹಾಕ್ಲಾ?”

ಅತ್ತೆಯವರು ಕುರ್ಚಿಯಲ್ಲೇ ತಿರುಗಿ ಅಳಿಯನನ್ನು ತಲೆಯಿಂದ ಕಾಲಿನತನಕ, ಮತ್ತೆ ಕಾಲಿನಿಂದ ತಲೆಯತನಕ, ಆತುರವಿಲ್ಲದೆ ನೋಡಿದರು.

“ಸದ್ಯಕ್ಕೆ ಒಂದು ವರ್ಷ ಅಂತ ಹಾಕಪ್ಪ,” ಎಂದರು. “ಆಮೇಲೆ ನೋಡೋಣ.”