ಹಾಲು ಕಾಫಿ ಮತ್ತು ನನ್ನ ಹೊಟ್ಟೆಯೊಳಗಿನ ಸ್ವಿಚ್ಚು

ಜೀವಶಾಸ್ತ್ರ ಪಾಠ ಮಾಡುವವರಿಗೆ ಇಂಥದ್ದು ವರ್ಷಕ್ಕೊಂದಾದರೂ ಗಂಟು ಬೀಳುತ್ತದೆ. ಪುಸ್ತಕದಲ್ಲಿ ತೆಪ್ಪಗೆ ಮಲಗಿದ್ದ ವಿಷಯ ಎದ್ದು ನಮ್ಮ ಮೈಮೇಲೇ ಬರುತ್ತದೆ. ಈ ಸಲ ಬಂದದ್ದು ನೇರ ನನ್ನ ಹೊಟ್ಟೆಗೆ.

ಪಾಠ

ನಾನು ಆಲೂರಿನ ಕಡೆಯವಳು, ಸಕಲೇಶಪುರದ ಕಾಲೇಜೊಂದರಲ್ಲಿ ಸೆಕೆಂಡ್ ಪಿಯುಸಿಗೆ ಪಾಠ ಮಾಡುತ್ತೇನೆ. ಅವತ್ತು ಜೀನ್‌ಗಳ ಪಾಠ. "ಕಣ್ಣಿನಲ್ಲಿರುವ ಡಿಎನ್‌ಎ ಬೇರೆ, ಉಗುರಿನಲ್ಲಿರುವುದು ಬೇರೆ ಅಂದ್ಕೊಂಡ್ರಾ? ಎರಡೂ ಒಂದೇ. ಯಾವ ಜೀನ್ ಎಲ್ಲಿ, ಯಾವಾಗ ಕೆಲಸ ಮಾಡಬೇಕು ಅನ್ನೋದಕ್ಕೆ ಡಿಎನ್‌ಎಯಲ್ಲೇ ಸ್ವಿಚ್ ಇರುತ್ತೆ. ಎಲ್ಲಾ ರೂಮಿಗೂ ವೈರಿಂಗ್ ಮಾಡ್ಸಿದ್ರೂ ಬೇಕಾದ ಕಡೆ ಮಾತ್ರ ಲೈಟ್ ಹಾಕ್ತೀವಲ್ಲ, ಹಾಗೆ" ಅಂದೆ.

ಬ್ಯಾಕ್ಟೀರಿಯಾದ ಉದಾಹರಣೆಯನ್ನೂ ಕೊಟ್ಟೆ. ಹಾಲಿನ ಸಕ್ಕರೆ ಇಲ್ಲದಿದ್ದರೆ ಅದನ್ನು ಅರಗಿಸುವ ಜೀನ್ ಆಫ್. ಸಕ್ಕರೆ ಬಂತೋ, ಆನ್. ದೊಡ್ಡವರಾದ ಮೇಲೆ ಕೆಲವರಿಗೆ ಹಾಲು ಯಾಕೆ ಆಗುವುದಿಲ್ಲ ಅನ್ನುವುದನ್ನೂ, ನನ್ನನ್ನೇ ಉದಾಹರಣೆ ಮಾಡಿಕೊಂಡು, ಎರಡು ಮಾತಿನಲ್ಲಿ ಹೇಳಿದೆ. ಯಾರಿಗಾದರೂ ಅನುಮಾನ ಇದೆಯಾ ಅಂತ ಕೇಳಿದಾಗ ಹಿಂದಿನ ಬೆಂಚಿನಿಂದ ಒಂದು ಕೈ ಎದ್ದಿತು.

"ಮಿಸ್, ಸ್ವಿಚ್ ಹಾಕಿದ್ರೂ ಕರೆಂಟ್ ಇರ್ಬೇಕಲ್ಲ. ನಮ್ಮೂರಲ್ಲಿ ಮೊನ್ನೆಯಿಂದ ಇಲ್ಲ."

ಮೊದಲ ಲೋಟ

ಮಿಡ್‌ಟರ್ಮ್‌ನಲ್ಲಿ ಇದೇ ಪಾಠದ ಪ್ರಶ್ನೆ ಬಂದಿತ್ತು. ಯಸಳೂರು ಕಡೆಯ ಒಬ್ಬ ಹುಡುಗಿ ಅದನ್ನು ಪೂರ್ತಿ ಖಾಲಿ ಬಿಟ್ಟು ಫೇಲಾದಳು, ಕಾಲೇಜಿಗೆ ಬರುವುದನ್ನೂ ಬಿಟ್ಟಳು. ಇನ್ನೂ ಸ್ವಲ್ಪ ದಿನ ಹೀಗೇ ಆದರೆ ಹಾಜರಿ ಕಮ್ಮಿಯಾಗಿ ವಾರ್ಷಿಕ ಪರೀಕ್ಷೆಗೇ ಕೂರಿಸುವುದಿಲ್ಲ. ಕ್ಲಾಸಿನಲ್ಲಿ ಕಣ್ಣು ಮಿಟುಕಿಸದೆ ಪಾಠ ಕೇಳುತ್ತಿದ್ದ ಮಗು ಅದು. ಅವಳನ್ನು ವಾಪಸ್ ಕರೆತರದೆ ಬಿಡುವುದಿಲ್ಲ ಅಂತ ಹಟ ಹಿಡಿದು ಬಸ್ ಹತ್ತಿದೆ.

ಅವರದು ಸಣ್ಣ ಕಾಫಿ ತೋಟ, ಕೊಟ್ಟಿಗೆಯಲ್ಲಿ ಎರಡು ಹಸು. ಅವಳ ಅಪ್ಪ ತುಂಬಾ ಮರ್ಯಾದೆಯಿಂದಲೇ ಮಾತಾಡಿದರು. "ಬ್ಯಾಡ ಬುಡಿ ಮೇಡಂ. ನಮ್ಮಪ್ಪ ಫೇಲು, ನಾನೂ ಫೇಲು. ಓದು ನಮ್ ರಕ್ತದಾಗೇ ಇಲ್ಲ" ಅಂದರು. ಅಷ್ಟರಲ್ಲಿ ಕಾಫಿ ಬಂತು, ಗಟ್ಟಿ ಹಾಲಿನದು. ನನಗೆ ಹಾಲು ಆಗುವುದಿಲ್ಲ. ಆದರೆ ನಮ್ಮ ಕಡೆ ಕಾಫಿ ಬೇಡ ಅಂದರೆ ಮನೆಯವರೇ ಬೇಡ ಅಂದ ಹಾಗೆ. ಕುಡಿದೆ.

ವಾಪಸ್ ಬರುವಾಗ, ಅರ್ಧ ದಾರಿಯ ತಿರುವೊಂದರಲ್ಲಿ ಹೊಟ್ಟೆ ಗುಡುಗಿತು. ಕಂಡಕ್ಟರ್‌ಗೆ ಕೈಮುಗಿದು ಬಸ್ ನಿಲ್ಲಿಸಿ, ರಸ್ತೆ ಪಕ್ಕದ ಯಾರದೋ ಮನೆಗೆ ಓಡಿದೆ. ಬಸ್ಸಿಗೆ ಬಸ್ಸೇ ನನಗಾಗಿ ಕಾಯಿತು. ತಲೆ ತಗ್ಗಿಸಿ ಬಂದು ಕೂತಾಗ ಪಕ್ಕದ ಹಿರಿಯರು ಮೆಲ್ಲಗೆ ಸಮಾಧಾನ ಹೇಳಿದರು:

"ಊರಿಗೋಗಿ ಒಂದು ಲೋಟ ಹಾಲು ಕಾಫಿ ಕುಡೀರಿ, ಎಲ್ಲ ಸರಿಹೋಯ್ತದೆ."

ಎರಡನೇ ಲೋಟ

ಮುಂದಿನ ವಾರ ಮತ್ತೆ ಹೋದೆ. ಈ ಸಲ ನಾಚಿಕೆ ಬಿಟ್ಟು ಹೇಳಿಯೇಬಿಡಬೇಕು ಅಂತ ತೀರ್ಮಾನಿಸಿದ್ದೆ. ನಾನು ಒಳಗೆ ಹೋದಾಗ ಗಂಡ ಹೆಂಡತಿ, ಮಗಳ ದಡ್ಡತನ ಯಾರ ಕಡೆಯಿಂದ ಬಂದದ್ದು ಅಂತ ಜಗಳವಾಡುತ್ತಿದ್ದರು. ಹುಡುಗಿ ಅಡುಗೆಮನೆ ಬಾಗಿಲಲ್ಲಿ ನೆಲ ನೋಡುತ್ತಾ ನಿಂತಿದ್ದಳು. ನಾನು ನಡುವೆ ಬಾಯಿ ಹಾಕಿದೆ.

"ಅವಳು ದಡ್ಡಿ ಅಲ್ಲ. ರಕ್ತದಲ್ಲಿ ಇದೆ, ಇಲ್ಲ ಅಂತ ಸುಮ್ಮನೆ ಹೇಳಬೇಡಿ. ನನ್ನನ್ನೇ ನೋಡಿ, ಹಾಲು ಅರಗಿಸೋ ಜೀನ್ ನನ್ನಲ್ಲೂ ಇದೆ. ಅದರ ಸ್ವಿಚ್ ಆಫ್ ಆಗಿದೆ, ಅಷ್ಟೇ. ಅದಕ್ಕೇ ನನಗೆ ಹಾಲು ಹಾಕದ ಕಾಫಿ ಕೊಡಿ" ಅಂದೆ. ಒಂದೇ ಕಲ್ಲಿಗೆ ಎರಡು ಹಣ್ಣು ಉದುರಿಸಿದೆ ಅಂದುಕೊಂಡಿದ್ದೆ.

"ಅಯ್ಯೋ, ಮನೇಲಿ ಎರಡು ಹಸ ಕಟ್ಕೊಂಡು ಮೇಡಂಗೆ ಕಪ್ಪು ಕಾಫಿ ಕೊಟ್ರು ಅಂತ ಊರೋರು ಆಡ್ಕಳಲ್ವಾ?" ಅಂತ ಅವಳಮ್ಮ ಹಾಲು ಹಾಕಿಯೇ ತಂದರು. ಅಪ್ಪ ಮಾತ್ರ ಗಲ್ಲ ಕೆರೆದುಕೊಂಡು ಯೋಚಿಸುತ್ತಿದ್ದರು.

"ಅಂಗಾದ್ರೆ ಇವಳದ್ದೂ ಸ್ವಿಚ್ ಆಫ್ ಆಗೈತೆ ಅನ್ನಿ. ಇಷ್ಟು ಓದಿರೋ ನೀವೇ ನಿಮ್ದು ಆನ್ ಮಾಡ್ಕಳಕ್ಕಾಗಿಲ್ಲ, ಇವಳದ್ದು ಎಂಗ್ ಮಾಡ್ತೀರಿ?"

ಮೂರನೇ ಲೋಟ

ಎರಡನೇ ಲೋಟವನ್ನೂ ಕುಡಿದು ವಾಪಸ್ ಬಂದು, ಕಾಲೇಜಿನಲ್ಲಿ ಇದನ್ನೆಲ್ಲ ಹೇಳಿಕೊಂಡೆ. ಬೇರೆ ಲೆಕ್ಚರರ್‌ಗಳು "ಸಾಕು ಬಿಡಿ ಮೇಡಂ, ನಿಮ್ಮ ಕೈಲಾದ್ದು ಮಾಡಿದ್ರಿ" ಅಂದರು. ನನಗೆ ಸಿಟ್ಟು ಬಂತು. ಹೊಟ್ಟೆ ಹರಿದರೂ ಪರವಾಗಿಲ್ಲ, ಹಾಜರಿ ಕೈಮೀರುವುದರೊಳಗೆ ಹೋಗಿಯೇ ತೀರುತ್ತೇನೆ ಅಂತ ಮತ್ತೆ ಹೊರಟೆ.

ಈ ಸಲ ಅಜ್ಜಿ ಇದ್ದರು, ಹುಡುಗಿಯ ಅಪ್ಪನ ತಾಯಿ. ಆ ಮನೆಯಲ್ಲಿ ಕೊನೇ ಮಾತು ಅವರದೇ. ನಾನು ಕೂರುವುದರೊಳಗೆ ದೊಡ್ಡ ಲೋಟದ ತುಂಬ ನೊರೆ ಕಾಫಿ ತಂದು ಕೈಗಿಟ್ಟರು. "ಕುಡೀ ಕಣವ್ವ, ದೂರದಿಂದ ಬಂದಿದ್ದೀಯ." ದೇವರ ಮೇಲೆ ಭಾರ ಹಾಕಿ ಲೋಟ ಎತ್ತಿದೆ.

"ಅಜ್ಜಿ, ಕೊಡ್ಬೇಡ!" ಬಾಗಿಲಲ್ಲಿದ್ದ ಹುಡುಗಿ ಮೊದಲ ಸಲ ಬಾಯಿ ಬಿಟ್ಟಳು. "ಮಿಸ್‌ಗೆ ಹಾಲು ಆಗಲ್ಲ. ಹಾಲಿನ ಸಕ್ಕರೆ ಒಡೆಯೋ ಜೀನ್ ಅವರಲ್ಲೂ ಚೆನ್ನಾಗೇ ಐತೆ. ಮಗು ಆಗಿದ್ದಾಗ ಕೆಲಸ ಮಾಡ್ತಿತ್ತು. ಆದ್ರೆ ಅದಕ್ಕೊಂದು ಸ್ವಿಚ್ ಐತೆ, ಅದೂ ಡಿಎನ್‌ಎದೇ ಇನ್ನೊಂದು ತುಂಡು, ಜೀನ್‌ನಿಂದ ಸ್ವಲ್ಪ ದೂರದಾಗೆ. ಎಷ್ಟೋ ಜನಕ್ಕೆ ದೊಡ್ಡೋರಾದ ಮೇಲೆ ಜೀನ್ ಆಫ್ ಆಗುತ್ತೆ. ಕೆಲವ್ರಿಗೆ ಆ ತುಂಡಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತೆ, ಅಂಥೋರಿಗೆ ಸಾಯೋಗಂಟ ಆನ್. ನಾವು ಅಂಥೋರು ಇರ್ಬೇಕು."

ನಾನು ಕ್ಲಾಸಿನಲ್ಲಿ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಖುಷಿಗೆ ನನ್ನ ಕಣ್ಣು ತುಂಬಿಬಂತು.

ಅಪ್ಪ ಸುಧಾರಿಸಿಕೊಂಡು, "ಇಷ್ಟೆಲ್ಲ ಗೊತ್ತಿದ್ದೂ ಫೇಲ್ ಯಾಕಮ್ಮ ಆದೆ?" ಅಂದರು.

"ಪರೀಕ್ಷೇಲಿ ಬ್ಯಾಕ್ಟೀರಿಯಾದು ಕೇಳಿದ್ರು ಅಪ್ಪ, ಮಿಸ್‌ದು ಕೇಳ್ಲಿಲ್ಲ."

ಅಜ್ಜಿ ಒಂದು ಕ್ಷಣ ನನ್ನನ್ನು ನೋಡಿದರು, ಆಮೇಲೆ ಮೊಮ್ಮಗಳ ಕಡೆ ತಿರುಗಿದರು. "ನೀನು ಕಾಲೇಜಿಗೋಗ್ದಿದ್ರೆ ಈಯಮ್ಮ ಮತ್ತೆ ಬತ್ತಾಳೆ. ಬಂದ್ರೆ ಕಾಫಿ ಕೊಡ್ದೆ ಕಳ್ಸಕ್ಕಾಗಲ್ಲ. ಕೊಟ್ರೆ ಹೊಟ್ಟೆ ಕೆಡ್ತದೆ. ಆ ಪಾಪ ನಮಗ್ಯಾಕೆ? ನಾಳೆಯಿಂದ ಕಾಲೇಜಿಗೋಗು" ಅಂದರು.

ಹುಡುಗಿ ಆಗಲೇ ಬ್ಯಾಗು ಹುಡುಕಲು ಒಳಗೆ ಓಡಿದ್ದಳು. ಗೆದ್ದೆನಲ್ಲ ಅಂತ ಲೋಟ ಕೆಳಗಿಟ್ಟು ಏಳುವಷ್ಟರಲ್ಲಿ ಅಜ್ಜಿ ನನ್ನ ಭುಜ ಹಿಡಿದು ಕೂರಿಸಿದರು.

"ಎಲ್ಲಿಗೋಯ್ತೀಯ? ಅದು ನಾಳೆಯಿಂದ ಕಣವ್ವ. ಇದನ್ನ ಕುಡುದ್ಬುಟ್ಟು ಹೋಗು, ಆರೋಯ್ತದೆ."