ಕೊರಳಿಗೆ ಜಿಪಿಎಸ್ ಕಟ್ಟಿಕೊಂಡದ್ದು

ದಾರಿ ತಪ್ಪುವುದಕ್ಕೆ ಕನಿಷ್ಠ ಇಬ್ಬರಾದರೂ ಬೇಕು ಎನ್ನುವುದು ನನ್ನ ಅನುಭವ. ಇಬ್ಬರಿದ್ದರೆ, 'ಆಗಲೇ ಬಡಕೊಂಡೆ, ಎಡಕ್ಕೆ ತಿರುಗೋಣ ಅಂತ' ಎಂದು ಒಬ್ಬರು ಅನ್ನಬಹುದು. 'ನೀನು ಬಡಕೊಂಡಿದ್ದು ಬಲಕ್ಕೆ' ಎಂದು ಇನ್ನೊಬ್ಬರು ಅನ್ನಬಹುದು. ಆ ಜಗಳದಲ್ಲೇ ಅರ್ಧ ದಾರಿ ಸವೆಯುತ್ತದೆ. ಒಬ್ಬರೇ ಹೊರಟು ದಾರಿ ತಪ್ಪಿದರೆ ಅದಕ್ಕೊಂದು ಗೌರವವೇ ಇಲ್ಲ. ಬೈಯುವುದಕ್ಕೂ ಯಾರೂ ಇರುವುದಿಲ್ಲ, ಬೈಸಿಕೊಳ್ಳುವುದಕ್ಕೂ ಯಾರೂ ಇರುವುದಿಲ್ಲ. ಬಿಸಿಲಲ್ಲಿ ನಿಂತು ನೀರು ಕುಡಿದು, ಬಂದ ಕಡೆಗೇ ವಾಪಸು ತಿರುಗಬೇಕು, ಅಷ್ಟೆ.

ನಂಜನಗೂಡಿನ ಹೈಸ್ಕೂಲೊಂದರಲ್ಲಿ ನಾನು ಸಮಾಜ ಪಾಠ ಮಾಡುತ್ತಿದ್ದೆ. ಅದರಲ್ಲೂ ಭೂಗೋಳವೆಂದರೆ ನನಗೆ ವಿಶೇಷ ಹುರುಪು. ಗೋಳವನ್ನು ಮೇಜಿನ ಮೇಲೆ ಗರಗರ ತಿರುಗಿಸಿ ಅಕ್ಷಾಂಶ, ರೇಖಾಂಶ ತೋರಿಸುವಾಗ, 'ಆ ಗೆರೆ ನಮ್ಮ ಕಬ್ಬಿನ ಗದ್ದೆ ಮೇಲೂ ಹೋಗದಾ ಮಿಸ್?' ಎಂದು ಕಳಲೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಕೇಳಿದ್ದಳು. ಹೋಗುತ್ತದೆ ಎಂದೆ. 'ಅದುಕ್ಕೇ ನಮ್ಮಪ್ಪಂಗೂ ಚಿಕ್ಕಪ್ಪಂಗೂ ಜಗಳ' ಎಂದಳು. ಇಂಥ ಭೂಗೋಳದ ಮೇಡಂಗೆ ದಿಕ್ಕು ಗೊತ್ತಾಗುವುದಿಲ್ಲ ಎಂಬ ಸಂಗತಿ ಊರಿನಲ್ಲಿ ಒಬ್ಬರಿಗೆ ಮಾತ್ರ ತಿಳಿದಿತ್ತು. ಅವಳು ಸುಶೀಲ, ನಮ್ಮ ಶಾಲೆಯ ಪಿ.ಟಿ. ಮೇಡಂ.

ನಾವಿಬ್ಬರೂ ಮದುವೆಯಾಗದವರು. ಭಾನುವಾರ ಬಂತೆಂದರೆ ಬುತ್ತಿ ಕಟ್ಟಿಕೊಂಡು ನಡೆಯುವುದು ನಮ್ಮ ಚಟ. ರಜೆಯಲ್ಲಿ ಕಾಡು ಬೆಟ್ಟಗಳನ್ನೂ ಸುತ್ತಿದ್ದೆವು. ಒಂದು ಬೇಸಿಗೆಯಲ್ಲಿ ಗುಂಪೊಂದರ ಜೊತೆ ಸೇರಿ ಹಿಮಾಲಯದಲ್ಲೂ ನಡೆದು ಮೂಗು ಸುಟ್ಟುಕೊಂಡು ಬಂದಿದ್ದೆವು. ಸುಶೀಲ ಮುಂದೆ, ನಾನು ಹಿಂದೆ. ಅವಳಿಗೂ ದಾರಿ ಗೊತ್ತಿರುತ್ತಿತ್ತು ಎಂದಲ್ಲ. ಆದರೆ ಅವಳು ಯಾರನ್ನು ಬೇಕಾದರೂ ಮಾತನಾಡಿಸುತ್ತಿದ್ದಳು. ದಾರಿ ಕೇಳಲು ನಿಂತರೆ, ಎದುರಿನವರ ಮಂಡಿನೋವಿನಿಂದ ಹಿಡಿದು ಸೊಸೆಯ ಬಾಣಂತನದವರೆಗೆ ವಿಚಾರಿಸದೆ ಬಿಡುತ್ತಿರಲಿಲ್ಲ. ನನಗೋ ಅಪರಿಚಿತರ ಮುಂದೆ ನಾಲಗೆಯೇ ಏಳುವುದಿಲ್ಲ. ನಲವತ್ತು ಹುಡುಗರ ತರಗತಿಯನ್ನು ಗದರಿಸಬಲ್ಲೆ, ಒಬ್ಬ ಗಾಡಿಯವನನ್ನು ನಿಲ್ಲಿಸಿ 'ಇದು ಯಾವೂರ ದಾರಿ' ಎನ್ನಲಾರೆ.

ಆ ಸುಶೀಲ ಅವಧಿಗೆ ಮೊದಲೇ ಕೆಲಸ ಬಿಟ್ಟು, ಪಾರ್ಶ್ವವಾಯು ಬಡಿದ ಅಕ್ಕನನ್ನು ನೋಡಿಕೊಳ್ಳಲು ಧಾರವಾಡಕ್ಕೆ ಹೊರಟುಹೋದಳು. ಬಸ್ ಹತ್ತುವಾಗ, 'ನಡೆಯೋದು ಬಿಡಬೇಡ ಕಣೆ, ತೂಕ ಬಂದುಬಿಡ್ತದೆ' ಎಂದಳು. ನಾನು ತಲೆಯಾಡಿಸಿದೆ. ತೂಕ ಬರುತ್ತದೆ ಎಂಬುದಷ್ಟೇ ನನ್ನ ಚಿಂತೆ ಎಂಬಂತೆ ನಿಂತಿದ್ದೆ.

ಮೊದಲ ಭಾನುವಾರ ಒಬ್ಬಳೇ ಕವಲಂದೆಯ ಕಡೆಗೆ ಹೊರಟೆ. ನಾಲೆಯ ಏರಿ ಹಿಡಿದು ಹೋದರೆ ಸುಲಭ ಎಂದುಕೊಂಡಿದ್ದೆ. ನಾಲೆ ಎಲ್ಲೋ ಒಂದು ಕಡೆ ಎರಡಾಗಿತ್ತು. ನಾನು ಆರಿಸಿಕೊಂಡದ್ದು ಕೊನೆಗೆ ಒಂದು ಶಾಮಿಯಾನದ ಮುಂದೆ ತಂದು ನಿಲ್ಲಿಸಿತು. ಬೀಗರ ಊಟ ನಡೆಯುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಗಂಡಿನ ಕಡೆಯವರು ನನ್ನನ್ನು ಹೆಣ್ಣಿನ ಕಡೆಯವಳೆಂದೂ, ಹೆಣ್ಣಿನ ಕಡೆಯವರು ಗಂಡಿನ ಕಡೆಯವಳೆಂದೂ ತೀರ್ಮಾನಿಸಿ, ಇಬ್ಬರೂ ಪೈಪೋಟಿಗೆ ಬಿದ್ದು ಬಡಿಸಿದರು. 'ಬೀಗತಿ ಏನೂ ತಿನ್ನಲೇ ಇಲ್ಲ' ಎಂದು ಒಬ್ಬರು ಎಲೆಯ ಮೇಲೆ ಮತ್ತೊಂದು ಮುದ್ದೆ ಇಟ್ಟರು. ತಾಂಬೂಲದ ಚೀಲ ಹಿಡಿದುಕೊಂಡೇ ಬಸ್ಸಿನಲ್ಲಿ ಮನೆಗೆ ಬಂದೆ. ದಾರಿಯುದ್ದಕ್ಕೂ ನಗು ತಡೆಯಲಾಗಲಿಲ್ಲ. ಇದನ್ನು ಹೀಗೆ ಶುರು ಮಾಡಿ ಹೀಗೆ ಮುಗಿಸಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾ ಬಂದು ಬೀಗ ತೆಗೆದೆ. ಒಳಗೆ ಹೋಗಿ ದೀಪ ಹಾಕಿದೆ. ಬೆಳಿಗ್ಗೆ ಕುಡಿದಿಟ್ಟ ಕಾಫಿ ಲೋಟ ಹಾಗೇ ಇತ್ತು. ಯಾರಿಗೆ ಹೇಳಲಿ? ಅಕ್ಕನ ಹಾಸಿಗೆಯ ಪಕ್ಕ ಕೂತಿರುವ ಸುಶೀಲಳಿಗೆ ಫೋನಿನಲ್ಲಿ ಹೇಳಿ ಮುಗಿಸುವ ಕಥೆ ಇದಲ್ಲ. ಚಪ್ಪಲಿ ಬಿಚ್ಚುವಷ್ಟರಲ್ಲಿ ನಗುವೆಲ್ಲ ಆರಿಹೋಗಿತ್ತು.

ಇನ್ನು ಮೇಲೆ ದಾರಿ ತಪ್ಪಬಾರದು ಎಂದು ಅಂದೇ ನಿಶ್ಚಯಿಸಿದೆ. ಹೇಳಲು ಯಾರೂ ಇಲ್ಲದ ಮೇಲೆ ತಮಾಷೆಯ ಪ್ರಸಂಗಗಳನ್ನು ಕೂಡಿಹಾಕಿಕೊಂಡು ಏನು ಮಾಡಲಿ? ಆಗಷ್ಟೇ ಮೈಸೂರಿನ ಅಂಗಡಿಗಳಿಗೆ ಕೈಯಲ್ಲಿ ಹಿಡಿಯುವ ಜಿಪಿಎಸ್ ಬರತೊಡಗಿತ್ತು. ಹಿಮಾಲಯದಲ್ಲಿ ನಮ್ಮ ಗುಂಪಿನ ಮುಂದಾಳು ಅದನ್ನು ದೇವರ ಪೆಟ್ಟಿಗೆಯಂತೆ ಎದೆಗೆ ಕಟ್ಟಿಕೊಂಡಿದ್ದನ್ನು ನೋಡಿದ್ದೆ. ಈ ವಿಷಯವನ್ನು ಪಕ್ಕದ ಮನೆಯ ಶಿವಮಲ್ಲಪ್ಪನವರ ಕಿವಿಗೆ ಹಾಕಿದ್ದು ತಪ್ಪಾಯಿತು. ಅವರದು ಕಬ್ಬಿಣದ ಸಾಮಾನಿನ ಅಂಗಡಿ. ಮೋಟರು, ಪೈಪು, ಮೊಳೆಗಳಲ್ಲಿ ಅವರನ್ನು ಯಾರೂ ಏಮಾರಿಸಲಾರರು. 'ನೀವೊಬ್ರೇ ಓದ್ರೆ ಟೋಪಿ ಆಕ್ತಾರೆ ಮೇಡಂ. ನಾನೂ ಬತ್ತೀನಿ, ನಡೀರಿ' ಎಂದು ಹೆಗಲಿಗೆ ವಲ್ಲಿ ಹಾಕಿಕೊಂಡೇ ಬಿಟ್ಟರು.

ಮೈಸೂರಿನ ಆ ಅಂಗಡಿಯಲ್ಲಿ ಸರ್ವೆ ಮಾಡುವವರ ಸಾಮಾನು, ದುರ್ಬೀನು, ದಿಕ್ಸೂಚಿ ಎಲ್ಲ ಇದ್ದವು. ಟೈ ಕಟ್ಟಿದ ಸೇಲ್ಸ್‌ಮನ್ ಮೂರು ಯಂತ್ರಗಳನ್ನು ಗಾಜಿನ ಮೇಲಿಟ್ಟು, 'ಸಾರ್, ಯಾವ ಥರದ ಟ್ರೆಕ್ಕಿಂಗ್ ಮಾಡ್ತೀರಿ?' ಎಂದು ಶಿವಮಲ್ಲಪ್ಪನವರನ್ನು ಕೇಳಿದ. ಜೀವಮಾನವಿಡೀ ಅಂಗಡಿಯಿಂದ ಮನೆಗೂ ಸ್ಕೂಟರಿನಲ್ಲಿ ಹೋಗುವ ಅವರು ಗಂಭೀರವಾಗಿ ಹೊಟ್ಟೆ ಸವರಿಕೊಂಡು, 'ನಾನಲ್ಲಪ್ಪ, ಮೇಡಂ ಮಾಡದು. ನಾನು ಸಾಮಾನು ಟೆಸ್ಟ್ ಮಾಡಕ್ ಬಂದಿರದು' ಎಂದರು.

ಮೊದಲನೆಯದು ಬಣ್ಣದ ಪರದೆಯದು. ನೋಡಲು ಬಹಳ ಚಂದ. ಒಳಗಿದ್ದ ಭೂಪಟದಲ್ಲಿ ಇಡೀ ಪ್ರಪಂಚವಿದೆ ಎಂದ. ನಂಜನಗೂಡು ತೋರಿಸಿ ಎಂದೆ. ಮೈಸೂರಿನ ಹೆಸರು ಇತ್ತು, ಅಲ್ಲಿಂದ ಕೆಳಕ್ಕೆ ದಾರದ ಎಳೆಯಂಥ ಒಂದು ರಸ್ತೆ ಇತ್ತು, ಉಳಿದದ್ದೆಲ್ಲ ಬರಿದು. ನಮ್ಮೂರ ಹೊಳೆ ಕಪಿಲೆಯೂ ಇಲ್ಲ, ನಾನೂ ಇಲ್ಲ. ಜೊತೆಗೆ ಅದನ್ನು ಕರೆಂಟಿಗೆ ಚುಚ್ಚಿ ಚಾರ್ಜ್ ಮಾಡಬೇಕು. 'ಕಾಡಲ್ಲಿ ಕರೆಂಟ್ ಎಲ್ಲಯ್ಯ? ಊರಲ್ಲೇ ಇರಲ್ಲ' ಎಂದು ಶಿವಮಲ್ಲಪ್ಪ ಅದನ್ನು ಪಕ್ಕಕ್ಕೆ ಸರಿಸಿದರು. ಎರಡನೆಯದು ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು, ಅಕ್ಷರ ಇರುವೆಯಷ್ಟು. ನನ್ನ ಕನ್ನಡಕ ಆ ಅಕ್ಷರಗಳ ಜೊತೆ ರಾಜಿಯಾಗಲಿಲ್ಲ. ಮೂರನೆಯದು ಹಳದಿ ಬಣ್ಣದ್ದು, ದಪ್ಪ, ಸುತ್ತಲೂ ರಬ್ಬರು. ಬೂದು ಪರದೆ, ಬಿಸಿಲು ಬಿದ್ದಷ್ಟೂ ಚೆನ್ನಾಗಿ ಕಾಣುತ್ತದೆ. ಬಟನ್ನುಗಳು ದೊಡ್ಡವು, ಚಳಿಗೆ ಕೈ ಮರಗಟ್ಟಿದ್ದರೂ ಒತ್ತಬಹುದು. ಎರಡು ಪೆನ್ಸಿಲ್ ಸೆಲ್ ಹಾಕಿದರೆ ಸಾಕು. ನಡೆದ ದಾರಿಯನ್ನು ಗೆರೆಯಾಗಿ ಇಟ್ಟುಕೊಳ್ಳುತ್ತದೆ, ಅದೇ ಗೆರೆ ಹಿಡಿದು ವಾಪಸು ಬರಬಹುದು. ನೀರು, ಧೂಳು, ಪೆಟ್ಟು ಯಾವುದಕ್ಕೂ ಜಗ್ಗುವುದಿಲ್ಲ ಎಂದು ಸೇಲ್ಸ್‌ಮನ್ ಹೇಳಿದ.

ಅವನು ಈ ಕೊನೆಯ ಮಾತು ಆಡಬಾರದಿತ್ತು. 'ಜಗ್ಗಲ್ವಾ? ನೋಡಮ' ಎಂದು ಶಿವಮಲ್ಲಪ್ಪ ಅದನ್ನು ಎತ್ತಿ ಮೊಸಾಯಿಕ್ ನೆಲಕ್ಕೆ ಬಿಟ್ಟರು. ಸೇಲ್ಸ್‌ಮನ್ ಎದೆ ಹಿಡಿದುಕೊಂಡ. ಯಂತ್ರ ಎರಡು ಸಲ ಪುಟಿದು ಸುಮ್ಮನಾಯಿತು. ಪರದೆ ಹಾಗೇ ಉರಿಯುತ್ತಿತ್ತು. ಅವನು ಚೇತರಿಸಿಕೊಳ್ಳುವ ಮೊದಲೇ, ನೆಲ ಒರೆಸಲು ಮೂಲೆಯಲ್ಲಿಟ್ಟಿದ್ದ ಬಕೆಟ್ಟಿನಲ್ಲಿ ಅದನ್ನು ಅದ್ದಿ ತೆಗೆದು, ವಲ್ಲಿಯಿಂದ ಒರೆಸಿ, 'ಗಟ್ಟಿ ಅದೆ, ತಗಳಿ ಮೇಡಂ' ಎಂದರು. ಆಮೇಲೆ ಏನೋ ನೆನಪಾಗಿ ಸ್ವರ ತಗ್ಗಿಸಿ, 'ಉಪಗ್ರಹ ಅಂತೀರಲ್ಲ, ಶನಿಗೂ ಇದಕ್ಕೂ ಸಂಬಂಧ ಇಲ್ಲ ತಾನೆ?' ಎಂದು ಕೇಳಿ ಖಾತ್ರಿ ಮಾಡಿಕೊಂಡರು.

ಬಿಲ್ಲು ಬರೆಯುವಾಗ ಸೇಲ್ಸ್‌ಮನ್ ಹುಮ್ಮಸ್ಸಿನಿಂದ, 'ಮೇಡಂ, ಇಂಥದ್ದೇ ಇನ್ನೊಂದು ನಿಮ್ಮ ಜೊತೆಯವರ ಹತ್ತಿರ ಇದ್ದರೆ ಇದರಿಂದ ಅದಕ್ಕೆ ದಾರಿ ಕಳಿಸಬಹುದು. ನಿಮ್ಮ ಗುಂಪಲ್ಲಿ ಎಷ್ಟು ಜನ?' ಎಂದ.

'ನಾನೊಬ್ಬಳೇ' ಎಂದೆ.

ಅವನು 'ಓ' ಎಂದು ಪೆನ್ನು ಆಡಿಸಿದ. ಇಷ್ಟು ಹೊತ್ತು ಅಂಗಡಿ ತುಂಬ ಮಾತನಾಡುತ್ತಿದ್ದ ಶಿವಮಲ್ಲಪ್ಪನವರು ದುರ್ಬೀನುಗಳ ಕಡೆ ತಿರುಗಿ ನಿಂತರು. ವಾಪಸು ಬರುವಾಗ ಬಸ್ಸಿನಲ್ಲಿ ಬೇಡವೆಂದರೂ ಕೇಳದೆ ನನಗೆ ಕಡಲೆಕಾಯಿ ಕೊಡಿಸಿದರು.

ಹಳದಿ ಯಂತ್ರವನ್ನು ಕೊರಳಿಗೆ ಹಾಕಿಕೊಂಡು ಹೊರಟ ದಿನ ಶಿವಮಲ್ಲಪ್ಪನವರ ಹೆಂಡತಿ ಬಾಗಿಲಲ್ಲಿ ನಿಂತು, 'ಅಂತೂ ಕೊರಳಿಗೆ ಒಂದು ಕಟ್ಕಂಡ್ರಲ್ಲ ಮೇಡಂ, ಸಂತೋಷ' ಎಂದು ನಕ್ಕರು. ಹೊಳೆದಂಡೆ ಹಿಡಿದು ತಿರುಮಕೂಡಲು ನರಸೀಪುರದವರೆಗೆ ನಡೆಯುವುದು ನನ್ನ ಯೋಜನೆ. ಅದು ಸುಶೀಲಳೂ ನಾನೂ ಎಷ್ಟೋ ಸಲ ಹೊರಟು, ಯಾರದೋ ಜಗಲಿಯಲ್ಲಿ ಮಾತಿಗೆ ಕುಳಿತು, ಒಮ್ಮೆಯೂ ಪೂರೈಸದೇ ಇದ್ದ ದಾರಿ. ಶಾಲೆಯ ಸರ್ವೆ ನಕ್ಷೆ ನೋಡಿ ಒಂದೊಂದು ತಿರುವಿನ ಅಕ್ಷಾಂಶ, ರೇಖಾಂಶವನ್ನೂ ಹಿಂದಿನ ರಾತ್ರಿಯೇ ಯಂತ್ರಕ್ಕೆ ತುಂಬಿಸಿಟ್ಟಿದ್ದೆ. ಯಂತ್ರಕ್ಕೆ ಮೊದಲು ಆಕಾಶ ಕಾಣಬೇಕು. ಸೋಪಾನಕಟ್ಟೆಯ ಬಳಿ ಅದನ್ನು ಮೇಲಕ್ಕೆತ್ತಿ ಹಿಡಿದು ಅಲುಗಾಡದೆ ನಿಂತೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಏನೋ ಹರಕೆ ಇರಬೇಕೆಂದು ಸ್ವಲ್ಪ ಹೊತ್ತು ಒಗೆಯುವುದನ್ನೇ ನಿಲ್ಲಿಸಿದರು. ಒಂದೊಂದಾಗಿ ಉಪಗ್ರಹಗಳು ಪರದೆಯ ಮೇಲೆ ಮೂಡಿದವು. ನಾನು ಎಲ್ಲಿದ್ದೇನೆ ಎಂದು ತಿಳಿದುಕೊಳ್ಳಲು ಇಷ್ಟು ಜನ ಮೇಲೆ ಸೇರಿದ್ದಾರಲ್ಲ ಎಂದು, ನಾಚಿಕೆಯಿಲ್ಲದೆ ಹೇಳುತ್ತೇನೆ, ಆಕಾಶಕ್ಕೆ ಕೈ ಮುಗಿದೆ.

ಯಂತ್ರ ಒಂದು ತಪ್ಪನ್ನೂ ಮಾಡಲಿಲ್ಲ. ಹೊಳೆ ಬಾಗಿದ ಕಡೆ ಬಾಗಿಸಿತು, ಗದ್ದೆ ಬಯಲಿನಲ್ಲಿ ಸುತ್ತಿಸದೆ ದಾಟಿಸಿತು. ದಾರಿ ಕವಲೊಡೆದ ಕಡೆಯೆಲ್ಲ ಬಾಣದ ಗುರುತು ನೋಡಿಕೊಂಡು ನಿಲ್ಲದೆ ನಡೆದೆ. ಬಿಸಿಲು ಏರಿತು, ಇಳಿಯಿತು. ಹೊಂಗೆಯ ನೆರಳಲ್ಲಿ ಬುತ್ತಿ ಬಿಚ್ಚಿ ಉಂಡೆ. ಇಬ್ಬರಿಗಾಗುವಷ್ಟು ಚಿತ್ರಾನ್ನ ಕಲಸಿದ್ದೆ. ಕೈಯಳತೆ ಇನ್ನೂ ಬದಲಾಗಿರಲಿಲ್ಲ. ಸಂಜೆಯ ಹೊತ್ತಿಗೆ ನರಸೀಪುರದಲ್ಲಿ ಎರಡು ಹೊಳೆ ಸೇರುವುದನ್ನು ನೋಡುತ್ತಾ ಕೂತೆ. ಬಸ್ ಹತ್ತಿದ ಮೇಲೆ 'ಎಲ್ಲಿಗೆ?' ಎಂದು ಕಂಡಕ್ಟರ್ ಕೇಳಿದಾಗ ಉತ್ತರ ಹೇಳಲು ಹೋದರೆ ಧ್ವನಿಯೇ ಹೊರಡಲಿಲ್ಲ. ಕೆಮ್ಮಿ ಸರಿಮಾಡಿಕೊಳ್ಳಬೇಕಾಯಿತು. ಬೆಳಗಿನಿಂದ ನಾನು ಒಂದು ಮಾತೂ ಆಡಿರಲಿಲ್ಲ.

ನಂಜನಗೂಡಿನಲ್ಲಿ ಇಳಿದವಳೇ ಎಸ್‌ಟಿಡಿ ಬೂತಿನಿಂದ ಧಾರವಾಡಕ್ಕೆ ಫೋನ್ ಮಾಡಿದೆ. 'ನರಸೀಪುರ ಮುಟ್ಟಿಬಿಟ್ಟೆ ಕಣೆ!' ಎಂದೆ.

'ಅಯ್ಯೋ ಭೇಷ್! ಏನಾಯ್ತು ದಾರೀಲಿ? ಯಾರು ಸಿಕ್ಕಿದ್ರು?' ಎಂದಳು ಸುಶೀಲ.

ಯೋಚಿಸಿದೆ. 'ಯಾರೂ ಇಲ್ಲ. ಏನೂ ಆಗಲಿಲ್ಲ. ಸರಿಯಾಗಿ ಹೋಗಿ ಸರಿಯಾಗಿ ಬಂದೆ.'

ಅವಳು, 'ಮತ್ತೆ ಊಟಕ್ಕೆ ಏನು ಮಾಡಿದ್ದೆ?' ಎಂದಳು. ಬೇರೆ ಏನು ಕೇಳಬಹುದಿತ್ತು, ಪಾಪ.

ಮುಂದಿನ ಸಲ ಬಿಳಿಗೆರೆಯ ಕಡೆ ಹೊರಟಾಗ ಮನಸ್ಸು ಗಟ್ಟಿಮಾಡಿಕೊಂಡೆ. ಇವತ್ತು ಒಬ್ಬರನ್ನಾದರೂ ಮಾತನಾಡಿಸದೆ ಬರುವುದಿಲ್ಲ ಎಂದು ನನಗೆ ನಾನೇ ಹೋಮ್‌ವರ್ಕ್ ಕೊಟ್ಟುಕೊಂಡೆ. ಬಿಳಿಗೆರೆ ಇನ್ನೇನು ಸಿಗಬೇಕು ಎನ್ನುವಲ್ಲಿ ಒಂದು ಹಟ್ಟಿಯ ಜಗಲಿಯ ಮೇಲೆ, ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಹೆಂಗಸೊಬ್ಬರು ಮೊರದ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಊರು ಯಾವ ಕಡೆಗಿದೆ ಎಂದು ಬಾಣ ತೋರಿಸುತ್ತಲೇ ಇತ್ತು. ಯಂತ್ರವನ್ನು ಆರಿಸಿ, ಒಣಗಿದ ಬಾಯಿ ಸವರಿಕೊಂಡು, 'ಅಮ್ಮ, ಬಿಳಿಗೆರೆಗೆ ಹೇಗೆ ಹೋಗಬೇಕು?' ಎಂದು ಕೇಳಿಯೇಬಿಟ್ಟೆ.

'ಇಂಗೇ ಓದ್ರೆ ಸಿಕ್ತದೆ ಕಣವ್ವ. ಬಿಸ್ಲಲ್ಲಿ ಬಂದಿದ್ದೀರಿ, ಕೂತ್ಕಳಿ' ಎಂದು ಆಕೆ ಸರಿದು ಜಾಗ ಕೊಟ್ಟರು. ಮಹದೇವಮ್ಮ ಎಂದು ಹೆಸರು. ಮಜ್ಜಿಗೆ ತಂದುಕೊಟ್ಟು, ಎದುರಿಗೆ ಕೂತು, 'ಅದೇನವ್ವ ಕತ್ತಲ್ಲಿ?' ಎಂದರು.

ದಾರಿ ತೋರಿಸುವ ಯಂತ್ರ ಎಂದು ಹೇಗೆ ಹೇಳಲಿ? 'ರೇಡಿಯೋ' ಎಂದೆ.

'ಆಕಿ, ಕೇಳಮ.'

'ಸೆಲ್ ಮುಗಿದುಹೋಗಿದೆ.'

'ಅಷ್ಟೇ ತಾನೆ' ಎಂದು ಎದ್ದು ಒಳಗೆ ಹೋದವರು, ನಾನು ಬೇಡ ಬೇಡ ಎನ್ನುತ್ತಿದ್ದಂತೆಯೇ, ಗೋಡೆ ಗಡಿಯಾರದ್ದೊಂದು ಸೆಲ್ಲು, ಟಿ.ವಿ. ರಿಮೋಟಿನದೊಂದು ಸೆಲ್ಲು ಕಿತ್ತು ಸೆರಗಿನಲ್ಲಿ ಒರೆಸಿಕೊಂಡು ಬಂದು ನನ್ನ ಅಂಗೈಯಲ್ಲಿಟ್ಟರು. ಬೆಚ್ಚಗಿದ್ದವು. ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಇದು ರೇಡಿಯೋ ಅಲ್ಲ, ದಾರಿ ತೋರಿಸುವ ಮಿಷಿನು, ಸೆಲ್ಲೂ ಮುಗಿದಿಲ್ಲ ಎಂದು ನೆಲ ನೋಡುತ್ತಾ ಹೇಳಿದೆ.

ಮಹದೇವಮ್ಮ ನನ್ನನ್ನೂ ಯಂತ್ರವನ್ನೂ ನೋಡಿದರು. 'ಅಂಗಾರೆ ನನ್ನ ಯಾಕವ್ವ ದಾರಿ ಕೇಳುದ್ರಿ?'

'ಸುಮ್ಮನೆ... ಮಾತಾಡಿಸೋಣ ಅಂತ.'

'ಅದುಕ್ಯಾಕೆ ದಾರಿ ಕೇಳ್ಬೇಕು? ಮಾತಾಡ್ಸುದ್ರೆ ಆಗಿತ್ತಲ್ಲ' ಎಂದರು ಆಕೆ. ಬೇಸರವೇನೂ ಮಾಡಿಕೊಳ್ಳಲಿಲ್ಲ. ಗಡಿಯಾರಕ್ಕೆ ಸೆಲ್ ಹಾಕಿ ತಂದು, 'ಟೇಮೆಷ್ಟು ಹೇಳಿ' ಎಂದು ಮುಳ್ಳು ತಿರುಗಿಸಲು ಕೂತರು. ನಾನು ಯಂತ್ರ ಉರಿಸಿ ಸಮಯ ಹೇಳಿದೆ. ಆಕಾಶದಿಂದ ನೇರವಾಗಿ ಬಂದ ಸಮಯ, ತಪ್ಪುವ ಮಾತೇ ಇಲ್ಲ. ಆ ಲೆಕ್ಕದಲ್ಲಿ ಬಿಳಿಗೆರೆಯಿಂದ ನಾನು ವಾಪಸು ಹೋಗಬೇಕಿದ್ದ ಬಸ್ಸು ಆಗಲೇ ಹೋಗಿತ್ತು. 'ಇನ್ನು ಸಂಜೆ ಬಸ್ಸೇ ಗತಿ' ಎಂದು ಮಹದೇವಮ್ಮ ಒಂದು ಹಿಡಿ ಅವರೆಕಾಯಿಯನ್ನು ನನ್ನ ಮಡಿಲಿಗೆ ಸುರಿದರು.

ನಾನು ಸುಲಿಯುತ್ತಾ ಬೀಗರ ಊಟದ ಕಥೆ ಶುರು ಮಾಡಿದೆ. ಎಷ್ಟು ದಿನದಿಂದ ಒಳಗೇ ಕೂತಿದ್ದ ಕಥೆಯೋ, ಹಿಂದು ಮುಂದಾಗಿ ಬಂತು. ಆಕೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನೋಡಿದರೆ ನಾನು ಸಿಪ್ಪೆಯನ್ನು ಮೊರಕ್ಕೂ ಕಾಳನ್ನು ದನದ ಬುಟ್ಟಿಗೂ ಹಾಕುತ್ತಾ ಬಂದಿದ್ದೆ. 'ಬುಡಿ ಕಣವ್ವ, ಕಾಯಿ ನಾ ಸುಲ್ಕತ್ತೀನಿ' ಎಂದು ಮಹದೇವಮ್ಮ ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡರು. 'ನೀವು ಮಾತಾಡಿ, ಸಾಕು.'